ತಗಡಿನ ಬಾಗಿಲು

ಜೂನ್ ೩, ಮಂಗಳವಾರ

ಎಡಗೈ ಹೆಬ್ಬೆರಳಿಗೆ ಸುತ್ತಿಗೆ ಬಿತ್ತು. ಉಗುರು ಈಗಲೇ ನೇರಳೆ ಬಣ್ಣಕ್ಕೆ ತಿರುಗಿದೆ. ಸಿಟ್ಟು ನೆತ್ತಿಗೇರಿ, ಬೆರಳನ್ನು ಬಾಯಲ್ಲಿಟ್ಟುಕೊಂಡೇ ಆ ತಗಡಿಗೆ ಇನ್ನೂ ಹತ್ತು ಬಾರಿಸಿದೆ. ಅದು ಜಗ್ಗಲಿಲ್ಲ. ಉಬ್ಬಿಕೊಂಡು ನನ್ನನ್ನೇ ಅಣಕಿಸಿತು.

ಹೊಸ ನೋಟುಬುಕ್ಕು, ಹೊಸ ಹವ್ಯಾಸ. ಎರಡೂ ಡಾಕ್ಟರ ಅಪ್ಪಣೆ. ಮೂವತ್ತು ವರ್ಷ ಶಾಲೆಯಲ್ಲಿ ಸೀಟಿ ಊದಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಡ್ರಿಲ್ ಮೇಷ್ಟ್ರು ನಿವೃತ್ತನಾಗಿ ಮನೆಯಲ್ಲಿ ಕುಳಿತರೆ ರಕ್ತದೊತ್ತಡ ಏರದೆ ಇನ್ನೇನಾಗುತ್ತದೆ? "ಕೈಗೊಂದು ಕೆಲಸ ಕೊಡಿ, ಸಿಟ್ಟು ಬಂದಾಗ ಬರೆದಿಡಿ" ಎಂದರು. ಬೀದಿಯ ಕೊನೆಯಲ್ಲಿ ಒಬ್ಬ ತಗಡಿನ ಕೆಲಸದವನಿದ್ದಾನೆ. ನನಗಿಂತ ಹಿರಿಯ, ಬಲಗೈ ತೋರುಬೆರಳು ಒಂದು ಗೆಣ್ಣು ಗಿಡ್ಡ. ಅವನ ಬಳಿ ಹತ್ತು ದಿನ ಕುಳಿತು ತಗಡು ಕತ್ತರಿಸುವುದು, ಮಡಿಸುವುದು, ರಿವೆಟ್ ಹೊಡೆಯುವುದು ಕಲಿತೆ. ಈಗ ನಮ್ಮ ಹಿಂದಿನ ಬಾಲ್ಕನಿಯೇ ನನ್ನ ವರ್ಕ್‌ಶಾಪು.

ಮೊದಲ ಕೆಲಸ ಒಂದು ಟ್ರಂಕು, ಮಗಳಿಗೆ. ಹತ್ತು ದಿನದ ಹಿಂದೆ ಒಂದೇ ಒಂದು ಚೀಲ ಹಿಡಿದು ಗಂಡನ ಮನೆಯಿಂದ ಬಂದಳು. ಅಳಿಯ ಮಹಾಶಯ ಅವಳ ಎಡಗೈಯನ್ನು ಬಾಗಿಲ ಸಂದಿಗೆ ಹಿಡಿದು ಬಾಗಿಲನ್ನು ಒದ್ದಿದ್ದಾನೆ. ಮಣಿಕಟ್ಟು ಎರಡು ಕಡೆ ಮುರಿದಿದೆ. ಠಾಣೆಗೆ ಅವಳೇ ಹೋಗಿ ದೂರು ಕೊಟ್ಟಳು. ನಾನು ಪಕ್ಕದಲ್ಲಿ ನಿಂತಿದ್ದೆ, ಅಷ್ಟೇ.

ಇನ್ನು ಅವಳು ಇಲ್ಲೇ ಇರುತ್ತಾಳೆ. ಇಲ್ಲೇ ಇರುವವಳಿಗೆ ಬಟ್ಟೆಬರೆ ಇಟ್ಟುಕೊಳ್ಳಲು ಒಂದು ಪೆಟ್ಟಿಗೆ ಬೇಡವೇ?

ಜೂನ್ ೫, ಗುರುವಾರ

ತಗಡಿನವನು ಬಂದು ನನ್ನ ಕೆಲಸ ನೋಡಿದ. ನೋಡಿ ನಕ್ಕ.

"ಉಬ್ಬಿದ ಜಾಗಕ್ಕೇ ಹೊಡೀತಾ ಇದೀರಲ್ಲ ಮೇಷ್ಟ್ರೇ. ಹೊಡೆದಷ್ಟೂ ಅದು ಹಿಗ್ಗುತ್ತೆ. ಸುತ್ತ ಮೆಲ್ಲಗೆ ಹೊಡೀರಿ, ನಡುವಿಂದು ತಾನಾಗೇ ಕೂರುತ್ತೆ."

"ಛಡಿ ಛಂ ಛಂ, ವಿದ್ಯಾ ಘಂ ಘಂ ಅಂತ ಮೂವತ್ತು ವರ್ಷ ನಡೆಸಿದೀನಿ" ಎಂದೆ.

"ಮಕ್ಕಳು ಹೆದರ್ತಾವೆ. ತಗಡು ಹೆದರಲ್ಲ" ಎಂದ.

ಸಂಜೆ ಕೆಳಗಿನ ಮನೆಯ ಹಲ್ಲಿನ ಡಾಕ್ಟರು ಮೆಟ್ಟಿಲ ಮೇಲೆ ಅಡ್ಡಗಟ್ಟಿದರು. ಸುತ್ತಿಗೆ ಸದ್ದಿಗೆ ಅವರ ಹೆಂಡತಿಗೆ ತಲೆನೋವಂತೆ. ಕ್ಲಿನಿಕ್ಕಿನಲ್ಲಿ ದಿನವಿಡೀ ಡ್ರಿಲ್ಲು ತಿರುಗಿಸುವವರು ನನಗೆ ಸದ್ದಿನ ಪಾಠ ಹೇಳುತ್ತಾರೆ! ಮಾತಿಗೆ ಮಾತು ಬೆಳೆಯಿತು. ಕೈ ತಾಗಿತು. ಅವರು ಗೋಡೆಗೆ ಬಿದ್ದರು, ಕನ್ನಡಕ ಒಡೆಯಿತು, ಹುಬ್ಬಿನ ಮೇಲೆ ಸ್ವಲ್ಪ ರಕ್ತ ಬಂತು. ಇನ್ನು ಅವರು ದೂರು ಹೇಳಲು ಮೇಲೆ ಬರುವುದಿಲ್ಲ.

ಜೂನ್ ೯, ಸೋಮವಾರ

ಊಟಕ್ಕೆ ಕುಳಿತಿದ್ದಾಗ ಉಪ್ಪಿನ ಡಬ್ಬಿಗೆ ಕೈ ಚಾಚಿದೆ. ಎದುರಿಗಿದ್ದ ಮಗಳು ಬ್ಯಾಂಡೇಜಿನ ಕೈಯನ್ನು ತಲೆಗೆ ಅಡ್ಡ ಹಿಡಿದು ಕುಗ್ಗಿಬಿಟ್ಟಳು. ತಟ್ಟೆ ಉರುಳಿತು, ಅನ್ನವೆಲ್ಲ ನೆಲದ ಪಾಲು. ಆ ಪಾಪಿ ನನ್ನ ಮಗಳನ್ನು ಎಂಥ ಹೆದರುಪುಕ್ಕಲಿ ಮಾಡಿಟ್ಟಿದ್ದಾನೆ!

ಪಕ್ಕದಲ್ಲಿ ಬಡಿಸುತ್ತಿದ್ದ ನನ್ನ ಹೆಂಡತಿ, ಇವಳೂ ತಲೆ ತಗ್ಗಿಸಿದ್ದಳು. ಇವಳಿಗೇನು ಬಂತು ಕೇಡು? ನಾನು ಹೆಂಗಸರ ಮೇಲೆ ಕೈ ಮಾಡುವ ಜಾತಿಯವನಲ್ಲ. ಮದುವೆಯಾಗಿ ಮೂವತ್ತೊಂದು ವರ್ಷ. ಏಟು ಬಿದ್ದದ್ದು ಲೆಕ್ಕ ಹಾಕಿದರೆ ಒಂದು ಕೈಯ ಐದು ಬೆರಳು ಸಾಕು. ಅದೂ ಕಾರಣವಿದ್ದಾಗ.

ಟ್ರಂಕಿನ ತಳ ಮುಗಿಯಿತು. ನಾಲ್ಕು ಮೂಲೆಯೂ ಗೆರೆ ಎಳೆದ ಹಾಗೆ ಕೂತಿವೆ.

ಜೂನ್ ೧೪, ಶನಿವಾರ

ಅಳಿಯ ಬಂದ. ಮಧ್ಯಾಹ್ನ ಮೂರು ಗಂಟೆ. ನಾನು ಬಾಲ್ಕನಿಯಲ್ಲಿದ್ದೆ.

ಮೊದಲು ಬಾಗಿಲ ಆಚೆಯಿಂದ ಗೋಗರೆದ. "ಒಂದ್ಸಲ ಮುಖ ತೋರಿಸು, ಕಾಲಿಗೆ ಬೀಳ್ತೀನಿ" ಎಂದ. ಆಮೇಲೆ ಬೈದ. ಆಮೇಲೆ ಒದ್ದ. ನಾಲ್ಕನೆಯ ಒದೆತಕ್ಕೆ ಬಾಗಿಲಿನ ಪ್ಲೈವುಡ್ ಹಲಗೆ ಸೀಳಿ ಅವನ ಬೂಟು ನಡುಮನೆಗೆ ಬಂತು. ಆ ಕಿಂಡಿಯಲ್ಲಿ ಕೈ ತೂರಿಸಿ ಚಿಲಕ ತೆಗೆದ. ಒಳಗೆ ನುಗ್ಗಿದವನೇ ಮಗಳ ಮುರಿದ ಕೈಯನ್ನೇ ಹಿಡಿದು ಎಳೆದ. ಅವಳು ಕಿರುಚಿದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ನಾನು ಅವನ ಕತ್ತಿನ ಪಟ್ಟಿ ಹಿಡಿದೆ. ಅವನು ಹಣೆಯಿಂದ ನನ್ನ ಬಾಯಿಗೆ ಗುದ್ದಿದ. ಮುಂದಿನ ಹಲ್ಲು ಅರ್ಧ ಮುರಿದು ನಾಲಿಗೆಯ ಮೇಲೆ ಬಿತ್ತು. ಉಗುಳಿ, ಅವನ ಹೊಟ್ಟೆಗೆ ಮೊಣಕಾಲು ಕೊಟ್ಟು, ಮೆಟ್ಟಿಲ ತನಕ ದಬ್ಬಿಕೊಂಡು ಹೋಗಿ ಬಿಟ್ಟೆ. ಎಂಟು ಮೆಟ್ಟಿಲು ಉರುಳಿದ. ಎದ್ದು, ಮೂಗಿನ ರಕ್ತ ತೋಳಿಗೆ ಒರೆಸಿಕೊಂಡು, "ಅವಳನ್ನ ಬಿಡಲ್ಲ" ಎಂದು ಕೂಗುತ್ತ ಹೋದ.

ಹಲ್ಲಿಗೆ ಡಾಕ್ಟರು ಬೇಕು. ಇರುವ ಒಬ್ಬ ಡಾಕ್ಟರ ಕನ್ನಡಕ ಮೊನ್ನೆ ತಾನೇ ಒಡೆದಿದ್ದೇನೆ.

ನಿಜ ಬರೆಯಬೇಕೆಂದರೆ, ಮೈ ಹಗುರವಾಗಿದೆ. ಮಾತ್ರೆಗಿಂತ ಇದೇ ವಾಸಿ.

ಜೂನ್ ೧೫, ಭಾನುವಾರ

ಟ್ರಂಕಿನ ಮುಚ್ಚಳಕ್ಕೆಂದು ತಂದಿದ್ದ ತಗಡನ್ನು ಬಾಗಿಲಿಗೆ ಹಾಕಿದೆ. ಒಡೆದ ಹಲಗೆ ಕಿತ್ತು, ಆ ಜಾಗಕ್ಕೆ ಇಪ್ಪತ್ತನಾಲ್ಕು ಗೇಜಿನ ತಗಡು ಹೊಡೆದೆ. ಒದ್ದರೆ ಗಂಟೆ ಬಾರಿಸಿದಂತೆ ಸದ್ದಾಗುತ್ತದೆ, ಸೀಳುವುದಿಲ್ಲ. ಬರಲಿ ಮಗ. ಅವನ ಕಾಲು ಮುರಿಯಲಿ.

ಮಗಳು ದೂರದಲ್ಲಿ ನಿಂತು ನೋಡುತ್ತಿದ್ದಳು. "ಟ್ರಂಕ್ ಅಪ್ಪಾ?" ಎಂದಳು.

"ಮೊದಲು ನೀನು ಇರ್ಬೇಕಲ್ಲಮ್ಮ. ಆಮೇಲೆ ಟ್ರಂಕು" ಎಂದೆ.

ಜೂನ್ ೧೮, ಬುಧವಾರ

ಅವನು ಫೋನಿನಲ್ಲಿ ಕಾಡುತ್ತಿದ್ದಾನೆ. ಬೆಳಗಿನಿಂದ ಸಂಜೆಯೊಳಗೆ ನಲವತ್ತು ಕರೆ. ಪ್ರತಿ ಸಲ ಅದು ಗುಂಯ್ ಎಂದಾಗಲೂ ಮಗಳು ಬೆಚ್ಚುತ್ತಾಳೆ. ಫೋನು ಕಿತ್ತುಕೊಂಡು ನನ್ನ ಬೀರುವಿನಲ್ಲಿಟ್ಟು ಕೀಲಿ ಹಾಕಿದೆ. ಇನ್ನು ನೆಮ್ಮದಿ.

"ಅವರೂ ಫೋನ್ ತೆಗ್ದಿಟ್ಕೊಂಡಿದ್ರು ಅಪ್ಪ" ಎಂದಳು.

ಹೋಲಿಕೆ ನೋಡಿ! ಕೊಲ್ಲುವವನಿಗೂ ಕಾಯುವವನಿಗೂ ಒಂದೇ ತಕ್ಕಡಿ. ಕೈಲಿದ್ದ ಲೋಟ ಗೋಡೆಗೆ ಹೋಯಿತು. ಯಾರಿಗೂ ತಾಗಲಿಲ್ಲ.

ಜೂನ್ ೨೧, ಶನಿವಾರ

ಬಾಗಿಲಿಗೆ ಹೊರಗಡೆಯಿಂದ ಅಗುಳಿ ಮತ್ತು ಬೀಗದ ಕೊಂಡಿ ಕೂರಿಸಿದೆ. ಎಂಟು ರಿವೆಟ್. ಒಂದೊಂದೂ ಮುತ್ತಿನ ಹಾಗೆ ಕೂತಿದೆ. ನಾನು ಹೊರಗೆ ಹೋದಾಗ ಅವನು ಬಂದರೂ ಮನೆಯಲ್ಲಿ ಯಾರೂ ಇಲ್ಲವೆಂದು ತಿಳಿದು ಹಿಂದಿರುಗುತ್ತಾನೆ.

ತಗಡಿನವನು ಬಂದು ರಿವೆಟ್ ಮೆಚ್ಚಿದ. ಒಳಗಡೆ ತಗಡಿನ ಅಂಚಿನ ಮೇಲೆ ಆ ಗಿಡ್ಡ ಬೆರಳು ಇಡಲು ಹೋಗಿ ತೆಗೆದ.

"ಅಂಚು ಮಡಿಸಿಲ್ಲ ನೀವು. ಇದು ಬ್ಲೇಡು. ನನ್ನ ಬೆರಳು ಹೋಗಿದ್ದು ಇಂಥದ್ದಕ್ಕೇ."

"ನಾಳೆ ಮಡಿಸ್ತೀನಿ."

"ಇವತ್ತೇ ಮಡಿಸಿ ಮೇಷ್ಟ್ರೇ. ಕೈ ಇಡೋ ಜಾಗ ಅದು." ಆಮೇಲೆ ಕೊಂಡಿಯನ್ನು ಅಲ್ಲಾಡಿಸಿ ನೋಡಿ, "ಒಳಗಿದ್ದೋರು ಹೇಗೆ ಬರ್ತಾರೆ?" ಎಂದು ಕೇಳಿದ.

"ನಾನು ಬಂದು ತೆಗೀತೀನಿ" ಎಂದೆ. ಇದೊಂದು ಪ್ರಶ್ನೆಯೇ?

ಜೂನ್ ೨೪, ಮಂಗಳವಾರ

ಪಿಂಚಣಿ ಕಚೇರಿಯಿಂದ ಕರೆ ಬಂದಿದೆ, ನಾನು ಬದುಕಿದ್ದೇನೆಂದು ಖುದ್ದಾಗಿ ತೋರಿಸಬೇಕಂತೆ. ಬೀಗ ಹಾಕಿ ಹೋಗುತ್ತೇನೆ. ಎರಡು ಗಂಟೆಯ ಮಾತು. ಅಂಚು ಇನ್ನೂ ಮಡಿಸಿಲ್ಲ. ಬಂದು ಮಡಿಸಬೇಕು.

ಜೂನ್ ೨೮, ಶನಿವಾರ

ನಾಲ್ಕು ದಿನ ಲಾಕಪ್ಪಿನಲ್ಲಿದ್ದೆ. ಅಲ್ಲಿ ಬರೆಯಲು ಕೊಡಲಿಲ್ಲ.

ಮಂಗಳವಾರ ಕಚೇರಿಯಲ್ಲಿ ನಾಲ್ಕು ತಾಸು ಕಾಯಿಸಿದರು. ಒಂದು ಗಂಟೆ ದಾಟಿ ಮನೆಗೆ ಬಂದೆ. ಕೆಳಗಿನ ಮೆಟ್ಟಿಲ ಮೇಲೆಯೇ ರಕ್ತದ ಹನಿ. ಹನಿಗಳ ಜಾಡು ಹಿಡಿದು ಮೇಲೆ ಹತ್ತಿದೆ. ಬೀಗ ಹಾಕಿದ ಹಾಗೇ ನೇತಾಡುತ್ತಿತ್ತು. ಅದರ ಕೆಳಗೆ ತಗಡು ಹರಿದುಹೋಗಿತ್ತು, ಒಬ್ಬ ಮನುಷ್ಯ ತೂರುವಷ್ಟು. ಹರಿದ ಅಂಚಿನ ತುಂಬ ರಕ್ತ, ಒಂದು ಕಡೆ ಇವಳ ಸೀರೆಯ ಚೂರು. ಒಳಗೆ ಬಗ್ಗಿ ನೋಡಿದೆ. ಕೂಗಿದೆ. ಯಾರೂ ಇಲ್ಲ. ಮಗಳ ಚಪ್ಪಲಿ ಇಟ್ಟಲ್ಲೇ ಇತ್ತು.

ಇಂಥದ್ದನ್ನು ನೋಡಿದ ಯಾವ ತಂದೆಯಾದರೂ ಏನೆಂದುಕೊಳ್ಳುತ್ತಾನೆ?

ಕಿಂಡಿಯಲ್ಲಿ ತೂರಿ ಒಳಗೆ ಹೋಗಿ ಬಾಲ್ಕನಿಯಿಂದ ಮರದ ಕೊಡತಿ ತೆಗೆದುಕೊಂಡೆ. ತಗಡು ಮಡಿಸುವ ಕೊಡತಿ, ಎರಡು ಸೇರು ತೂಕ. ಆಟೋದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ.

ಅಳಿಯ ಟೈರು ಗೋದಾಮಿನ ಮೇಲ್ವಿಚಾರಕ. ಟೈರುಗಳ ರಾಶಿಯ ನಡುವೆ ಸ್ಟೂಲ್ ಹಾಕಿಕೊಂಡು ಊಟ ಮಾಡುತ್ತಿದ್ದ. "ಎಲ್ಲೋ ನನ್ನ ಮಗಳು?" ಎಂದೆ. ತುತ್ತು ಬಾಯಲ್ಲಿಟ್ಟುಕೊಂಡೇ, "ನನ್ನ ಕೇಳ್ತೀರಾ? ನೀವೇ ಅಲ್ವಾ ಬಚ್ಚಿಟ್ಟಿರೋದು?" ಎಂದ. ನಟನೆ ಎಂದುಕೊಂಡೆ. ಮೊದಲ ಏಟು ದವಡೆಗೆ ಬಿತ್ತು. ಒಣಕಡ್ಡಿ ಮುರಿದ ಸದ್ದು, ಬಾಯಲ್ಲಿದ್ದ ಅನ್ನದ ಜೊತೆ ಎರಡು ಹಲ್ಲು ಹೊರಗೆ ಬಂದವು. ಬಿದ್ದವನು ತೋಳು ಅಡ್ಡ ಹಿಡಿದ. ತೋಳಿನ ಮೇಲೆ ಬಿತ್ತು. ಮೊಣಕೈಯ ಮೇಲೆ ಬಿತ್ತು. ಕಿವಿಯ ಮೇಲೆ ಬಿತ್ತು. ಟೈರುಗಳ ನಡುವೆ ತೂರಿಕೊಳ್ಳಲು ಹೋದ, ಕಾಲು ಹಿಡಿದು ಎಳೆದು ಹಾಕಿದೆ. ನಾಲ್ಕು ಜನ ಹಮಾಲಿಗಳು ಬಂದು ನನ್ನನ್ನು ಕೆಡವಿ ಎದೆಯ ಮೇಲೆ ಕೂರುವವರೆಗೂ ನಡೆಯಿತು.

ಹನ್ನೊಂದು ಏಟು ಎಂದು ಪೊಲೀಸರು ಬರೆದಿದ್ದಾರೆ. ನಾನು ಎಣಿಸಲಿಲ್ಲ. ಡ್ರಿಲ್ ಮೇಷ್ಟ್ರಿಗೆ ಎಣಿಕೆ ತಪ್ಪಿದ್ದು ಇದೇ ಮೊದಲು.

ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ನನ್ನ ಸಿಟ್ಟು ಅವನ ದವಡೆಗೆ ಮೂಲವಾಯಿತು. ಮೂರು ತುಂಡಂತೆ. ಬದುಕುತ್ತಾನೆ.

ಜಾಮೀನು ಕೊಟ್ಟು ಬಿಡಿಸಿದವನು ತಗಡಿನವನು. ಮನೆಗೆ ಬಂದರೆ ಇಬ್ಬರೂ ಇದ್ದರು. ಇವಳ ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು. "ಆ ನಾಯಿ ನಿನ್ನನ್ನೂ ಬಿಡಲಿಲ್ವಾ?" ಎಂದೆ. ಇವಳು ಮಗಳ ಮುಖ ನೋಡಿದಳು. ಮಗಳು ನೆಲ ನೋಡಿದಳು. ಹೆದರಿದ್ದಾರೆ, ಪಾಪ. ಮಲಗಿಕೊಳ್ಳಲಿ ಎಂದು ಬಿಟ್ಟೆ.

ಜೂನ್ ೨೯, ಭಾನುವಾರ

ತಗಡಿನವನು ಬಾಗಿಲು ಸರಿಮಾಡಲು ಬಂದ. ಮೊಣಕಾಲೂರಿ ಕುಳಿತು ಹರಿದ ಜಾಗವನ್ನು ಬಹಳ ಹೊತ್ತು ನೋಡಿದ.

"ಮೇಷ್ಟ್ರೇ, ಇದನ್ನ ಅಳಿಯಂದ್ರು ಹರಿದ್ರು ಅಂದ್ರಲ್ಲ?"

"ಹೌದು, ಇನ್ಯಾರು?"

"ಉಳಿ ಬಿದ್ದಿರೋದು ಒಳಗಿಂದ. ನೋಡಿ, ತುಟಿ ಎಲ್ಲಾ ಹೊರಗಡೆ ಮಗುಚಿದೆ. ಕತ್ತರಿನೂ ಒಳಗಿಂದ್ಲೇ ಆಡಿದೆ. ಒಂದು ತಿಂಗಳು ಕಲ್ಸಿದೀನಿ ನಿಮ್ಗೆ. ಇಷ್ಟೂ ಕಾಣ್ಲಿಲ್ವಾ?"

ಕಾಣಲಿಲ್ಲ. ಆ ದಿನ ಅದೇ ಕಿಂಡಿಯಲ್ಲಿ ನುಸುಳಿ ಕೊಡತಿ ತಂದಿದ್ದೇನೆ, ಅಂಗಿಯ ತೋಳು ಅದೇ ಅಂಚಿಗೆ ಸಿಕ್ಕಿ ಹರಿದಿದೆ. ಕಾಣಲಿಲ್ಲ.

ಇವಳನ್ನು ಕರೆದು ಕೇಳಿದೆ. ನಿಂತುಕೊಂಡೇ ಹೇಳಿದಳು, ಬೇರೆ ಯಾರದೋ ಮನೆಯ ಸುದ್ದಿ ಹೇಳುವವಳ ಹಾಗೆ. ನಾನು ಹೋಗಿ ಅರ್ಧ ಗಂಟೆಗೆ ಯಾರೋ ಬಾಗಿಲು ತಟ್ಟಿದ್ದಾರೆ, ಬೀಗ ನೋಡಿ ಹೋಗಿದ್ದಾರೆ, ಅಂಚೆಯವನಿರಬೇಕು. ಹೊರಗಿನಿಂದ ಬೀಗವಿದೆ ಎಂಬುದು ಮರೆತು ಇವಳು ಬಾಗಿಲಿನ ಅಂಚಿಗೆ ಕೈ ಹಾಕಿ ಜೋರಾಗಿ ಎಳೆದಿದ್ದಾಳೆ. ಮಡಿಸದ ತಗಡು ಅಂಗೈಯನ್ನು ಹೆಬ್ಬೆರಳಿನ ಬುಡದಿಂದ ಕಿರುಬೆರಳಿನ ತನಕ ಸೀಳಿದೆ. ರಕ್ತ ನಿಲ್ಲಲಿಲ್ಲ. ಇಬ್ಬರೂ ಕೂಗಿದ್ದಾರೆ, ಬಾಗಿಲು ಬಡಿದಿದ್ದಾರೆ, ನೆಲಕ್ಕೆ ಸುತ್ತಿಗೆಯಿಂದ ಹೊಡೆದಿದ್ದಾರೆ. ಕೆಳಗೆ ಡಾಕ್ಟರ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡರಂತೆ. ಮೇಷ್ಟ್ರ ತಗಡಿನ ಕೆಲಸ ಎಂದುಕೊಂಡು ಕಿವಿಗೆ ಹತ್ತಿ ಇಟ್ಟುಕೊಂಡರಂತೆ.

ಫೋನು ನನ್ನ ಬೀರುವಿನಲ್ಲಿತ್ತು. ಬೀರುವಿನ ಕೀಲಿ ನನ್ನ ಜೇಬಿನಲ್ಲಿತ್ತು.

ಇವಳು ಎಚ್ಚರ ತಪ್ಪುವ ಹೊತ್ತಿಗೆ ಮಗಳು ಉಳಿ ಮತ್ತು ಕತ್ತರಿ ತಂದಳು. ಉಳಿಯನ್ನು ಬ್ಯಾಂಡೇಜಿನ ಕೈಯ ಬೆರಳುಗಳಲ್ಲಿ ಹಿಡಿದು, ಬಲಗೈಯಲ್ಲಿ ಸುತ್ತಿಗೆ ಬೀಸಿ ತೂತು ಮಾಡಿ, ಆಮೇಲೆ ಒಂದು ಗೇಣು, ಇನ್ನೊಂದು ಗೇಣು ಎಂದು ಕತ್ತರಿಸಿ, ತಾಯಿಯನ್ನು ಅದರೊಳಗಿಂದ ಎಳೆದುಕೊಂಡು, ಬರಿಗಾಲಲ್ಲಿ ಆಸ್ಪತ್ರೆಗೆ ಓಡಿದ್ದಾಳೆ. ಎರಡು ನರ ತುಂಡಾಗಿವೆ. ಎರಡು ಬೆರಳು ಇನ್ನು ಮಡಿಸಲು ಬರುವುದಿಲ್ಲ.

"ನಿನ್ನೆ ಯಾಕೆ ಹೇಳ್ಲಿಲ್ಲ?" ಎಂದೆ.

"ನೀವು ಕೇಳ್ಲಿಲ್ಲ" ಎಂದಳು.

ತಗಡಿನವನು ತಲೆ ಎತ್ತದೆ ಕೆಲಸ ಮಾಡುತ್ತಿದ್ದ. ಹೊಸ ತಗಡಿನ ನಾಲ್ಕೂ ಅಂಚನ್ನು ಮಡಿಸಿ ತಟ್ಟಿ, ಬೀಗದ ಕೊಂಡಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಹರಿದ ತುಂಡನ್ನು ಬಾಲ್ಕನಿಯಲ್ಲಿ ಒರಗಿಸಿ ಹೋದ.

ಆದರೂ ಒಂದು ಮಾತು. ಅವನು ಮೊದಲು ಬಾಗಿಲು ಒದೆಯದೇ ಇದ್ದಿದ್ದರೆ ಇದೆಲ್ಲ ಎಲ್ಲಿ ಆಗುತ್ತಿತ್ತು?

ಜುಲೈ ೪, ಶುಕ್ರವಾರ

ಅಳಿಯನ ಅಣ್ಣ ನಮ್ಮ ವಕೀಲರ ಬಳಿ ಬಂದಿದ್ದನಂತೆ. ಮಗಳು ತನ್ನ ದೂರನ್ನು ವಾಪಸು ಪಡೆದರೆ ಅವರೂ ನನ್ನ ಮೇಲಿನದನ್ನು ಬಿಡುತ್ತಾರೆ. ಇಲ್ಲವಾದರೆ ನನಗೆ ಜೈಲು ಖಾತ್ರಿ. ವಕೀಲರು ಒಪ್ಪಿಕೊಳ್ಳಿ ಎಂದರು.

ಅವಳನ್ನು ಆ ಮನೆಗೆ ಕಳಿಸುವ ಮಾತೇ ಇಲ್ಲ. ದೂರು ಎಂಬುದು ಒಂದು ಕಾಗದ, ಅಷ್ಟೇ. ವಾಪಸು ತೆಗೆದುಕೊಂಡರೆ ಯಾರ ಗಂಟು ಹೋಗುತ್ತದೆ? ಮಗಳಿಗೆ ಹೇಳಿದೆ. "ಯೋಚ್ನೆ ಮಾಡ್ತೀನಿ ಅಪ್ಪ" ಎಂದಳು. ಯೋಚಿಸುವುದಕ್ಕೆ ಏನಿದೆಯೋ.

ಅವಳ ಕೈಯ ಬ್ಯಾಂಡೇಜು ಇವತ್ತು ಬಿಚ್ಚಿದರು. ಕೈ ಸೊರಗಿದೆ. ಮನೆಗೆ ಬಂದವಳೇ ಬಾಲ್ಕನಿಗೆ ಹೋಗಿ ಅರ್ಧ ನಿಂತ ಟ್ರಂಕನ್ನು ಎಳೆದುಕೊಂಡು ಕುಳಿತಳು.

ಜುಲೈ ೧೦, ಗುರುವಾರ

ಟ್ರಂಕು ಮುಗಿಯಿತು. ಮುಗಿಸಿದವಳು ಮಗಳು. ದಿನಾ ಬೆಳಿಗ್ಗೆ ತಗಡಿನವನ ಅಂಗಡಿಗೆ ಹೋಗಿ ಕೇಳಿಕೊಂಡು ಬಂದು ಇಲ್ಲಿ ಮಾಡುತ್ತಿದ್ದಳು. ಮುಚ್ಚಳದ ಅಂಚಿನೊಳಗೆ ತಂತಿ ಇಟ್ಟು ಸುರುಳಿ ಮಡಿಸಿದ್ದಾಳೆ. ಮಗು ಕೈ ಆಡಿಸಿದರೂ ಕೊಯ್ಯುವುದಿಲ್ಲ. ನನಗಿಂತ ಚೆನ್ನಾಗಿ ಮಾಡಿದ್ದಾಳೆ, ಒಪ್ಪಿಕೊಳ್ಳಬೇಕು. ಇಷ್ಟು ಮುತುವರ್ಜಿಯಿಂದ ಪೆಟ್ಟಿಗೆ ಮಾಡಿಕೊಂಡಳೆಂದರೆ ಇಲ್ಲೇ ನೆಲೆ ನಿಲ್ಲುವ ಮನಸ್ಸು ಮಾಡಿದ್ದಾಳೆ. ಎಷ್ಟೋ ದಿನದ ಮೇಲೆ ಹೊಟ್ಟೆತುಂಬ ಉಂಡೆ.

ಜುಲೈ ೧೧, ಶುಕ್ರವಾರ

ಬೆಳಿಗ್ಗೆ ಟೀ ಹೊತ್ತಿಗೆ ಮಗಳು ಹೇಳಿದಳು, "ನಾನು ದೂರು ವಾಪಸ್ ತಗೊಳಲ್ಲ ಅಪ್ಪ."

"ನನಗೆ ಜೈಲಾಗುತ್ತೆ."

"ಗೊತ್ತು. ಆದ್ರೆ ಅದು ನನ್ನ ಕೈ. ನೀವು ಹೊಡೆದಿದ್ದಕ್ಕೆ ನನ್ನ ಮುರಿದ ಕೈನ ಕೊಡಕ್ಕಾಗಲ್ಲ."

"ನಿನಗೋಸ್ಕರ ಹೊಡೆದಿದ್ದು ಕಣೇ!"

"ನಾನು ಹೊಡೀರಿ ಅಂದಿದ್ನಾ?"

ಹೊಡೆದೆ. ಬೀಸಿದ್ದು ಮಗಳ ಕೆನ್ನೆಗೆ. ಅಷ್ಟರಲ್ಲಿ ಇವಳು ನಡುವೆ ಬಂದಳು, ಬ್ಯಾಂಡೇಜಿನ ಕೈ ಅಡ್ಡ ಹಿಡಿದಳು. ನನ್ನ ಕೈಯ ಪೂರ್ತಿ ಬಲ ಅದರ ಮೇಲೆ ಬಿತ್ತು. ಹೊಲಿಗೆ ಬಿಚ್ಚಿದ್ದು ನನಗೇ ತಿಳಿಯಿತು. ಬಿಳಿ ಬಟ್ಟೆ ನೋಡನೋಡುತ್ತಿದ್ದಂತೆ ಕೆಂಪಾಗಿ, ಟೀ ಬಟ್ಟಲಿಗೆ ತೊಟ್ಟಿಕ್ಕಿತು.

ಇವಳು ಅಳಲಿಲ್ಲ. ಕೈಯನ್ನು ಎದೆಗೆ ಒತ್ತಿಕೊಂಡು ನಿಂತಳು.

"ಐದೇ ಏಟು ಅಂತ ಎಲ್ಲರ ಹತ್ರ ಹೇಳ್ಕೊಂಡು ಬರ್ತೀರಲ್ಲ. ನಿಮ್ಮ ಆ ಐದು ನಾನು ಈ ಮನೆಗೆ ಬಂದ ಮೊದಲ ತಿಂಗಳಿಗೇ ಮುಗೀತು ರೀ. ಆಮೇಲಿಂದು ಯಾರ ಲೆಕ್ಕಕ್ಕೆ?"

ಮೂವತ್ತೊಂದು ವರ್ಷದಲ್ಲಿ ಇವಳು ನನಗೆ ಎದುರಾಡಿದ್ದು ಇದೇ ಮೊದಲು.

ಅರ್ಧ ಗಂಟೆಯಲ್ಲಿ ಇಬ್ಬರ ಬಟ್ಟೆಯೂ ಟ್ರಂಕಿನಲ್ಲಿತ್ತು. ಇಬ್ಬರ ಬಟ್ಟೆಗೂ ಜಾಗವಿತ್ತು. ಮಗಳು ನನ್ನ ಮುಂದೆ ಕೈ ಚಾಚಿ, "ಬೀರು ಕೀಲಿ" ಎಂದಳು. ಕೊಟ್ಟೆ. ಫೋನು ತೆಗೆದುಕೊಂಡು ಕೀಲಿಯನ್ನು ಮೇಜಿನ ಮೇಲಿಟ್ಟಳು. ಟ್ರಂಕಿನ ಒಂದು ಹಿಡಿಕೆ ಅವಳ ಕೈಲಿ, ಇನ್ನೊಂದು ಇವಳ ಎಡಗೈಲಿ. ಮೆಟ್ಟಿಲಿಳಿಯುವಾಗ ಕೆಳಗಿನ ಡಾಕ್ಟರು ಬಾಗಿಲು ತೆರೆದು ಬಂದು ಇವಳ ಕಡೆಯ ಹಿಡಿಕೆ ಹಿಡಿದುಕೊಂಡರು. ನಾನು ಮೇಲಿನಿಂದ ನೋಡುತ್ತಿದ್ದೆ.

ಜುಲೈ ೧೨, ಶನಿವಾರ

ಮೊಟ್ಟೆ ಬೇಯಿಸಿದೆ. ತಿನ್ನಲಿಲ್ಲ.

ಜುಲೈ ೧೬, ಬುಧವಾರ

ಎಲ್ಲಿದ್ದಾರೆಂದು ತಗಡಿನವನಿಗೆ ಗೊತ್ತು. ಕೇಳಿದರೆ ಹೇಳುವುದಿಲ್ಲ. ಅವನ ಅಂಗಡಿಯ ಮುಂದೆ ನಿಂತು ಕೂಗಾಡಿದೆ. ಅವನು ಡಬ್ಬಿಗೆ ಬೆಸುಗೆ ಹಾಕುತ್ತಲೇ ಇದ್ದ. ಕೈಗೆ ಸಿಕ್ಕಿದ ತಗಡಿನ ಪಟ್ಟಿ ಎತ್ತಿದೆ. ಎತ್ತಿದ್ದು ಅಂಚು ಮಡಿಸದ ಪಟ್ಟಿ. ನನ್ನ ಬೆರಳುಗಳ ಸಂದಿಯಲ್ಲೇ ಇಳಿಯಿತು. ಅವನೇ ಎದ್ದು ಬಂದು ನೀರು ಹಾಕಿ ತೊಳೆದು ಬಟ್ಟೆ ಕಟ್ಟಿದ.

"ಯಾರಿಗೆ ಹೊಡೀಬೇಕು ಅಂತ ಎತ್ತಿದ್ರಿ ಮೇಷ್ಟ್ರೇ?" ಎಂದ.

"ನಿನಗೆ" ಎಂದೆ.

"ಸರಿ, ಬಿಡಿ. ಕೈ ನೆನೆಸ್ಬೇಡಿ ಎರಡು ದಿನ."

ಜುಲೈ ೨೧, ಸೋಮವಾರ

ವಕೀಲರು ಹೊಸ ದಾರಿ ಹುಡುಕಿದ್ದಾರೆ. "ಹರಿದ ತಗಡು ಮನೇಲಿದೆ ಅಲ್ವಾ? ಅದನ್ನ ಹರಿದಿದ್ದು ಅಳಿಯನೇ ಅಂತ ಹೇಳಿಕೆ ಕೊಡಿ. ಹೆಂಡತಿ ಕೈ ಕೊಯ್ದಿದ್ದೂ ಅವನೇ. ಅದನ್ನ ನೋಡಿ ತಲೆ ಕೆಟ್ಟು ಹೊಡೆದೆ ಅನ್ನಿ. ಯಾರಾದ್ರೂ ನಂಬ್ತಾರೆ. ನೀವೇ ನಂಬಿದ್ರಲ್ಲ."

"ಆಸ್ಪತ್ರೆಯಲ್ಲಿ ಮಗಳು ಇದ್ದದ್ದು ಇದ್ದ ಹಾಗೆ ಬರೆಸಿದ್ದಾಳೆ."

"ನಿಮ್ಮ ಮಾತಿನ ಮುಂದೆ ಅವಳದ್ದು ಸುಳ್ಳಾಗುತ್ತೆ, ಅಷ್ಟೇ."

"ಒಂದು ಸುಳ್ಳು ಅಂತಾದ್ರೆ ಅವಳ ಮಣಿಕಟ್ಟಿನ ದೂರು?"

ವಕೀಲರು ಪೆನ್ನಿನ ಮುಚ್ಚಳ ಹಾಕಿದರು. "ಅದು ಅವಳ ಕೇಸು ಮೇಷ್ಟ್ರೇ. ನಾನು ನೋಡ್ತಿರೋದು ನಿಮ್ಮದು. ಇಲ್ಲಾಂದ್ರೆ ಮೂರು ವರ್ಷ ಆಗ್ಬಹುದು, ಏಳೂ ಆಗ್ಬಹುದು."

ಎರಡು ದಿನ ಸಮಯ ಕೇಳಿ ಬಂದೆ. ದಾರಿಯಲ್ಲಿ ರಕ್ತದೊತ್ತಡ ನೋಡಿಸಿದೆ. ಸರಿಯಾಗಿದೆಯಂತೆ.

ಜುಲೈ ೨೪, ಗುರುವಾರ

ಹರಿದ ತಗಡನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ಬಗಲಲ್ಲಿಟ್ಟುಕೊಂಡು ಠಾಣೆಗೆ ಹೋದೆ. ವಕೀಲರಿಗೆ ಹೇಳಲಿಲ್ಲ. ಮಗಳ ದೂರು ಬರೆದುಕೊಂಡಿದ್ದ ಮೇಡಂ ಅವರೇ ಇದ್ದರು. ಮೇಜಿನ ಮೇಲೆ ತಗಡು ಬಿಡಿಸಿಟ್ಟೆ. ಅಂಚಿನಲ್ಲಿದ್ದ ರಕ್ತ ಈಗ ತುಕ್ಕಿನ ಬಣ್ಣಕ್ಕೆ ಬಂದಿದೆ. "ಕೈ ಇಡ್ಬೇಡಿ, ಕೊಯ್ಯುತ್ತೆ" ಎಂದೆ.

"ಏನಿದು ಮೇಷ್ಟ್ರೇ?"

ಹೇಳಿದೆ. ಇದನ್ನು ಕತ್ತರಿಸಿದವಳು ನನ್ನ ಮಗಳು, ಒಳಗಿನಿಂದ, ತಾಯಿಯ ಜೀವ ಉಳಿಸಲು. ಅಳಿಯ ಆ ದಿನ ನಮ್ಮ ಬೀದಿಗೂ ಬಂದಿರಲಿಲ್ಲ. ಅವನನ್ನು ಹನ್ನೊಂದು ಸಲ ಹೊಡೆದದ್ದು ನಾನು. ಅವಳ ಮಣಿಕಟ್ಟು ಮುರಿದದ್ದು ಅವನು, ಅದು ಬೇರೆ ವಿಷಯ, ಅದನ್ನು ನನ್ನದರ ಜೊತೆ ಕಲಸಬೇಡಿ. ಹೆಂಡತಿಯ ಹೊಲಿಗೆ ಬಿಚ್ಚಿಸಿದ್ದೂ ನಾನೇ, ಅದು ಜುಲೈ ಹನ್ನೊಂದರಂದು, ಬೇಕಿದ್ದರೆ ಅದನ್ನೂ ಬರೆದುಕೊಳ್ಳಿ.

ಮೇಡಂ ಬರೆದುಕೊಳ್ಳುತ್ತಾ ಹೋದರು. ಹೊರಗೆ ಯಾರೋ ಜೀಪು ತೊಳೆಯುತ್ತಿದ್ದರು.

"ಒಂದು ಅರ್ಥ ಆಗ್ಲಿಲ್ಲ" ಎಂದರು. "ಮನೇಲಿ ಹೆಂಡ್ತಿ, ಮಗಳು ಇದ್ದಾಗ ಹೊರಗಿಂದ ಯಾಕೆ ಬೀಗ ಹಾಕಿದ್ರಿ?"

ಅಳಿಯ ಒಳಗೆ ಬರಬಾರದು ಎಂದು. ಒಂದು ತಿಂಗಳಿನಿಂದ ನಾಲಿಗೆಯ ತುದಿಯಲ್ಲೇ ಇದ್ದ ಉತ್ತರ. ತಗಡಿನವನಿಗೆ ಹೇಳಿದ್ದೆ, ವಕೀಲರಿಗೆ ಹೇಳಿದ್ದೆ, ಇದೇ ನೋಟುಬುಕ್ಕಿನಲ್ಲೂ ಬರೆದಿದ್ದೇನೆ. ಅದನ್ನೇ ಹೇಳಲು ಬಾಯಿ ತೆರೆದೆ.

"ಅವರು ಹೊರಗೆ ಹೋಗ್ಬಾರ್ದು ಅಂತ" ಎಂದೆ.

ಮೇಡಂ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಹಾಗೇ ಬರ್ಕೊಳ್ಲಾ?"

"ಬರ್ಕೊಳ್ಳಿ."

ಬರೆದು, ಮೊದಲಿನಿಂದ ಓದಿ ಹೇಳಿದರು. ಎಲ್ಲೂ ತಪ್ಪಿರಲಿಲ್ಲ. ಸಹಿ ಹಾಕಿದೆ.